ಮೂರು ಬೆರಳು ವಿಭೂತಿ

ಅ. ೩, ೧೯೮೪, ಬುಧವಾರ

ಆಯುಧಪೂಜೆ. ಶೆಡ್ ತೊಳೆದು, ಲೇತಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದದ್ದಾಯಿತು. ರಾಜಾಜಿನಗರದ ಈ ಎಸ್ಟೇಟಿನಲ್ಲಿ ಫರ್ನೇಸ್ ಕಟ್ಟುವವರು ಬೇಕಾದಷ್ಟಿದ್ದಾರೆ. ಕಾಲೇಜಿನವರಿಗೆ ಕಟ್ಟಿಕೊಟ್ಟು ಪಾಠವನ್ನೂ ಕೇಳುವವನು ನಾನೊಬ್ಬನೇ.

ಅಂಜನಮ್ಮ, ಹೇರೋಹಳ್ಳಿ ಕೆಂಚಪ್ಪನ ಮಗಳು. ಪಿಎಚ್.ಡಿ. ಅಡುಗೆ ಉಪ್ಪಿನ ದಾಯಾದಿ ಒಂದಿದೆಯಂತೆ, ಪೊಟ್ಯಾಸಿಯಂ ಕ್ಲೋರೈಡ್. ಅದನ್ನು ಕರಗಿಸಿ ಹರಳು ಬೆಳೆಸುತ್ತಾಳೆ. ಕಾಲೇಜಿನಲ್ಲಿ ತ್ರೀ-ಫೇಸ್ ಇಲ್ಲ, ಅದಕ್ಕೇ ನನ್ನ ಶೆಡ್ಡು.

"ಉಪ್ಪಲ್ಲಿ ಕರೆಂಟ್ ಓಡೋದನ್ನ ಕಣ್ಣಲ್ಲೇ ತೋರಿಸ್ತೀನಿ ಅಣ್ಣ."

"ನಾನು ಕಂಡಿರೋ ಕರೆಂಟ್ ಅಂದ್ರೆ ಶಾಕ್ ಒಂದೇ ಕಣಮ್ಮ."

ನಕ್ಕಳು. ಆಮೇಲೆ ನಗಲಿಲ್ಲ. ಹತ್ತೊಂಬತ್ತಕ್ಕೆ ಅವಳ ಗೈಡ್ ಗುರುಬಸಪ್ಪ ಮೇಷ್ಟ್ರು ಬರುತ್ತಾರೆ. ಈ ಸಲವೂ ತೋರಿಸದಿದ್ದರೆ ವಿಷಯವನ್ನೇ ಬದಲಿಸು ಅಂದಿದ್ದಾರಂತೆ. ಮೂರು ವರ್ಷ ನೀರಿಗೆ.

ಅವಳು ಹೋದ ಮೇಲೆ ಅವಳ ಫರ್ನೇಸಿಗೂ ವಿಭೂತಿ ಎಳೆದೆ. ಪಕ್ಕದಲ್ಲಿ ಉಪ್ಪು ಕರಗಿಸುವ ಹೊಸ ಮೂಸೆ... ಅದಕ್ಕೂ ಮೂರು ಬೆರಳು. ಒಳಗೂ ಚೂರು. ದೇವರ ವಿಷಯದಲ್ಲಿ ಜಿಪುಣತನ ಕೂಡದು.

ಅ. ೧೨, ಶುಕ್ರವಾರ

ಹರಳು ಹೊರಬಂತು. ನಿಂತುಬಿಟ್ಟ ನೀರು. ಕೆಳಗೆ ಪೇಪರ್ ಇಟ್ಟು ಓದಬಹುದು. ಅಂಜನಮ್ಮ ಮೀಟರ್ ಹಿಡಿದು ಸಪ್ಪಗಾದಳು. ಕಡಿಮೆ ಬಿಸಿಯಲ್ಲೇ ಹರಿಯಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಕರೆಂಟ್.

"ಹರಳು ಶುದ್ಧ ಇಲ್ಲ ಅಣ್ಣ, ಹೊರಗಿನೋರು ಯಾರೋ ಸೇರ್ಕೊಂಡಿದಾರೆ. ಎರಡು ಪ್ಲಸ್‌ನೋರು. ಸುಣ್ಣಗಿಣ್ಣ ಮುಟ್ಟಿಸಿದ್ರಾ?"

"ಸುಣ್ಣ ಇಲ್ಲಮ್ಮ..." ಕೈ ತಾನಾಗಿ ಹಣೆಗೆ ಹೋಯಿತು.

"ವಿಭೂತೀನಾ! ಮೂಸೆ ಒಳಗಾ!"

"ಅದೂ ಆಯುಧ ಅಲ್ವೇನಮ್ಮ?"

ತಲೆಯ ಮೇಲೆ ಕೈಹೊತ್ತು ಕೂತಳು. ಇನ್ನೊಂದು ಬೆಳೆಸಲು ದಿನವಿಲ್ಲ. ಕಾಫಿ ತರಿಸಿದೆ. ಬೈಯುತ್ತಾಳೆಂದುಕೊಂಡರೆ, ಪಾಠ ಹೇಳಿದಳು.

ಹರಳಿನೊಳಗೆ ಪ್ಲಸ್ ಒಂದು, ಮೈನಸ್ ಒಂದು, ಸಾಲುಸಾಲು. ಒಂದು ಪ್ಲಸ್‌ನವನ ಜಾಗದಲ್ಲಿ ಎರಡು ಪ್ಲಸ್‌ನವನು, ಅಂದರೆ ವಿಭೂತಿಯೊಳಗಿನ ಕ್ಯಾಲ್ಸಿಯಂ, ಬಂದು ಕೂತರೆ ಲೆಕ್ಕ ತಪ್ಪುತ್ತದೆ. ಟ್ಯಾಲಿ ಆಗಬೇಕಾದರೆ ಇನ್ನೊಂದು ಜಾಗ ಖಾಲಿ ಬೀಳಬೇಕು. ಬೀಳುತ್ತದೆ! ಯಾವ ಆಡಿಟರ್ ಹೇಳಿಕೊಟ್ಟ ಈ ಉಪ್ಪಿಗೆ? ಖಾಲಿ ಜಾಗಕ್ಕೆ ಪಕ್ಕದವನು ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. ಕೆಂಗೇರಿ ಬಸ್ಸಿನ ಹಾಗೆ — ಕಿಕ್ಕಿರಿದಿದ್ದರೆ ಯಾರೂ ಅಲ್ಲಾಡುವುದಿಲ್ಲ, ಒಬ್ಬ ಇಳಿದರೆ ಬಸ್ಸೆಲ್ಲ ಸರಿಯುತ್ತದೆ.

ಇಷ್ಟು ವರ್ಷ ಇದ್ದದ್ದನ್ನೇ ಎಣಿಸಿದೆ. ಕೆಲಸ ನಡೆಸುವುದು ಇಲ್ಲದ್ದು.

ಅ. ೧೯, ಶುಕ್ರವಾರ, ಸಂಜೆ

ಬೇರೆ ದಾರಿಯಿರಲಿಲ್ಲ. ವಿಭೂತಿ ಹರಳನ್ನೇ ಇಟ್ಟಳು. ಸೂಜಿ ಒತ್ತಿ ಅದಕ್ಕೆ ಮೈನಸ್, ಆಚೆ ತುದಿಯ ತಗಡಿಗೆ ಪ್ಲಸ್. ಆರುನೂರು ಡಿಗ್ರಿ. ಮೇಷ್ಟ್ರು ಫರ್ನೇಸಿನ ಕಿಂಡಿಯ ಮುಂದೆ ವಾಚು ನೋಡುತ್ತಾ ನಿಂತರು. ಸ್ವಿಚ್. ಏನೂ ಇಲ್ಲ. ಏನೂ ಇಲ್ಲ...

ಸೂಜಿಯ ತುದಿಯಲ್ಲಿ ನೇರಳೆ. ನೇರಳೆಹಣ್ಣು ತಿಂದ ನಾಲಗೆಯ ಬಣ್ಣ. ಮೋಡದ ಹಾಗೆ ಅರಳಿ ಮುಂದೆ ಹೊರಟಿತು. ಜೊತೆಗೇ ಮೀಟರಿನ ಮುಳ್ಳೂ ಎದ್ದಿತು.

"ಎಲೆಕ್ಟ್ರಾನ್ ಅಣ್ಣ! ಕ್ಲೋರಿನ್ ಬಿಟ್ಟುಹೋದ ಜಾಗದಲ್ಲಿ ಕೂರುತ್ತೆ, ಎದ್ದು ಮುಂದಿನದಕ್ಕೆ ಹೋಗುತ್ತೆ. ಕೂತಾಗ ಬಣ್ಣ!"

ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದಳು. ಮೋಡ ಹಿಂದಿರುಗಿ ಸೂಜಿಗೇ ಸೇರಿತು. ಹರಳು ಮತ್ತೆ ನೀರಿನಂತೆ ತಿಳಿ.

ಅವಳು ಮುಚ್ಚಿಡಲಿಲ್ಲ. "ಇದು ಶುದ್ಧ ಅಲ್ಲ ಸಾರ್. ಕ್ಯಾಲ್ಸಿಯಂ ಇದೆ."

"ಎಷ್ಟು ಹಾಕಿದ್ದು?"

ನನ್ನ ಮುಖ ನೋಡಿದಳು.

"ಮೂರು ಬೆರಳಷ್ಟು ಸಾರ್" ಅಂದೆ.

ಮೇಷ್ಟ್ರ ಹಣೆಯ ಮೇಲೂ ಅಷ್ಟೇ ಇತ್ತು. ಅದನ್ನೊಮ್ಮೆ ಮುಟ್ಟಿಕೊಂಡರು. "ಬೂದಿ ಇಲ್ದೆ ಇನ್ನೊಂದು ಬೆಳೆಸಮ್ಮ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ವಿಷಯ ಇದೇ ಇರ್ಲಿ." ಬಾಗಿಲ ತನಕ ಹೋಗಿ ತಿರುಗಿ ಬಂದರು. "ಎಲ್ಲಿ, ಇನ್ನೊಂದ್ಸಲ ತೋರ್ಸು."

ಅ. ೨೦, ಬೆಳಗ್ಗೆ

ಯಾರೂ ಬಂದಿಲ್ಲ. ಎರಡನೇ ಸಲ ತೋರಿಸಿದಾಗ ಬಣ್ಣವಿರುವಾಗಲೇ ಹೊರಗೆಳೆದು ತಣಿಸಿದ ಹರಳು ಡಬ್ಬಿಯಲ್ಲಿದೆ. ಬಿಸಿಲು ತಾಗಿದರೆ ಮಾಸುತ್ತದೆ, ತೆಗೀಬೇಡಿ ಅಂದಿದ್ದಾಳೆ. ಒಂದೇ ಒಂದು ಸಲ ತೆಗೆದೆ. ಅಂಗೈ ಮೇಲೆ ನೇರಳೆ ಬಿತ್ತು. ಅಷ್ಟೂ ಖಾಲಿ ಜಾಗ. ಒಂದೊಂದರಲ್ಲೂ ಒಬ್ಬೊಬ್ಬ ಬಂದು ಕೂತು ಬಣ್ಣವಾಗಿದ್ದಾನೆ.