ಗುರುವಾರದ ಆಟದ ಪಿರೇಡು

ಏನ್ರಿ ಗಣಿತ ಮಾಸ್ತರ,

ನಾನು ಮೀಟಿಂಗಿಗೆ ಕುಂದಗೋಳಕ್ಕ ಹೊಂಟೀನಿ, ಸಂಜಿ ಬಸ್ಸಿಗೆ ಬರ್ತೀನಿ. ರೊಟ್ಟಿ ಬುಟ್ಟಿಯೊಳಗ ಅದಾವು, ಝುಣಕ ಬಾಜೂಕ ಮುಚ್ಚಿಟ್ಟೀನಿ. ಹಾಲು ಕಾಸೋದು ಮರೀಬ್ಯಾಡ್ರಿ.

ಒಂಬತ್ತನೇ ಕ್ಲಾಸಿನ ಪೇಪರಿಗೆ ಟೋಟಲ್ ಹಾಕಿಟ್ಟೀನಿ. ತಿದ್ದಾವರು ನೀವು, ಪ್ರತಿ ಸಲ ಕೂಡಿಸಾಕಿ ನಾನು. ಅದಕ್ಕ ನಿಮಗ ಕಾಣದ್ದು ನನಗ ಕಾಣತೈತಿ. ಪಿ.ಟಿ. ಮಾಸ್ತರು ಬದ್ಲಿಯಾಗಿ ಹೋದ್ರು, ನೀವು ಆಟದ ಪಿರೇಡಿನ್ಯಾಗ ಲೆಕ್ಕ ಮಾಡ್ಸಾಕ ಹತ್ತಿದ್ರಿ. ಎರಡು ತಿಂಗಳಾತು. ಮಾರ್ಕ್ಸ್ ಏರಿಲ್ರಿ, ಇಳದಾವು! ನಮ್ಮ ಸಮೀಕ್ಷಾನ ಇಪ್ಪತ್ತೈದಕ್ಕ ಇಪ್ಪತ್ತೊಂದು ತಗೋತಿದ್ದಾಕಿ ಹದಿನಾಲ್ಕಕ್ಕ ಬಂದಾಳ. ಸಾಲ್ಯಾಗ ಓಡಾಕ ಬಿಡದಿದ್ರ ಮನ್ಯಾಗ ಪಡಸಾಲಿ ಕಂಬ ಸುತ್ತಿ ಖೋಖೋ ಆಡ್ತಾಳ. ಮೊನ್ನೆ ನೀರಿನ ಕೊಡ ಉರುಳಿಸಿದ್ದು ಬೆಕ್ಕಲ್ರಿ, ನಿಮ್ಮ ಮಗಳು. ಮತ್ತ ನೀವು "ಎಷ್ಟ್ ಹೇಳಿದ್ರೂ ಇವುಕ್ಕ ತಲ್ಯಾಗ ಹೋಗವಲ್ದು" ಅಂತ ನನ್ನ ಮುಂದ ಒದರತೀರಿ. ಹುಡುಗರನ್ನ ದಿನಪೂರ್ತಿ ಕುಂದ್ರಿಸಿಟ್ರ ಏನು ಹೋಗತೈತ್ರಿ ತಲ್ಯಾಗ?

ಇವತ್ತು ಗುರುವಾರ, ಮೂರನೇ ಪಿರೇಡು ಆಟದ್ದು. ಲೆಕ್ಕದ ಪುಸ್ತಕ ಹುಡುಕಬ್ಯಾಡ್ರಿ, ಅದು ನನ್ನ ಚೀಲದಾಗ ಕುಂದಗೋಳಕ್ಕ ಹೊಂಟೈತಿ. ಪಿ.ಟಿ. ಮಾಸ್ತರು ನಿಮ್ಮ ಕೈಯಾಗ ಕೊಟ್ಟು ಹೋದ ಸೀಟಿ ಟ್ರಂಕಿನ್ಯಾಗ ಬಿದ್ದಿತ್ತು. ತೊಳದು ನಿಮ್ಮ ಊಟದ ಡಬ್ಬಿ ಚೀಲದಾಗ ಇಟ್ಟೀನಿ.

ಊದ್ರಿ.