ಫಿಲ್ಮಿನಲ್ಲಿ ಉಳಿದ ಹೆಸರುಗಳು

ರವೀಂದ್ರನಗರ, ಶಿವಮೊಗ್ಗ
೧೭ ನವೆಂಬರ್ ೨೦೨೪

ಚಿ. ಸೌ. ಮೇಧಾಳಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೂ ಕೈ ಏಳುತ್ತಿರಲಿಲ್ಲ.

ನಿನ್ನಣ್ಣ ಭದ್ರಾವತಿಯಲ್ಲಿ ಗ್ರಂಥಪಾಲಕರಾಗಿದ್ದ ಲೈಬ್ರರಿಯ ಮಾಡು ಈ ಮಳೆಗಾಲದಲ್ಲಿ ಕುಸಿಯಿತು. ಮುಕ್ಕಾಲು ಪಾಲು ಪುಸ್ತಕಗಳು ಹಾಳಾದವು. ಏನೇನಿತ್ತೆಂದು ಹೇಳುವ ಕಾರ್ಡುಗಳೂ ಕೊಳೆತವು. ಉಳಿದದ್ದು, ಇವರು ಆ ಕಾಲದಲ್ಲಿ ಹಟ ಹಿಡಿದು ಮಾಡಿಸಿದ್ದ ಮೈಕ್ರೋಫಿಶ್ ಹಾಳೆಗಳು ಮಾತ್ರ. ಅಂಗೈಯಗಲದ ಒಂದು ಫಿಲ್ಮಿನಲ್ಲಿ ನೂರಾರು ಪುಸ್ತಕಗಳ ಹೆಸರು. ಬರಿಗಣ್ಣಿಗೆ ಬರೀ ಧೂಳು.

ಈಗಿನ ಲೈಬ್ರರಿಯನ್ ಸ್ಫೂರ್ತಿ ಫೋನ್ ಮಾಡಿ, "ಆಂಟಿ, ಓದೋ ಮಷೀನ್ ಇದೆ, ನಡೆಸೋಕೆ ಯಾರಿಗೂ ಬರಲ್ಲ. ಸರ್ ಒಂದ್ಸಲ ಬರ್ತಾರಾ?" ಎಂದಳು. ಮರುದಿನವೇ ಇಬ್ಬರೂ ಬಸ್ಸು ಹತ್ತಿದೆವು.

ಮಷೀನಿನ ದೀಪ ಹತ್ತಿ ಪರದೆಯ ಮೇಲೆ ಅಕ್ಷರ ಮೂಡಿದಾಗ ನಿನ್ನಣ್ಣನ ಮುಖ ನೀನು ನೋಡಬೇಕಿತ್ತು. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಾ ಹೋದರು, ಸ್ಫೂರ್ತಿ ಕಂಪ್ಯೂಟರಿಗೆ ಹಾಕಿಕೊಂಡಳು. ಪೇಪರ್ ಓದಲು ಬಂದವರೂ ಸುತ್ತ ನಿಂತರು. ಕಾರ್ಖಾನೆಯಿಂದ ರಿಟೈರಾದ ಉಜ್ಜನಪ್ಪ ಎಂಬುವರು ಇದ್ದಕ್ಕಿದ್ದಂತೆ, "ನಿಲ್ಸಿ ಸಾರ್, ಆ ಬುಕ್ಕು ನಮ್ಮನೇಲಿದೆ! ಮಗಳಿಗೆ ಬಹುಮಾನ ಬಂದಿದ್ದು. ತಂದ್ಕೊಡ್ತೀನಿ," ಎಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಇವರು ಓದುವುದು, ಯಾರೋ ಕೈ ಎತ್ತುವುದು. ಹೋದ ಲೈಬ್ರರಿ ಊರಿನ ಮನೆಮನೆಗಳಿಂದ ಎದ್ದು ಬರುತ್ತಿದೆ ಅನ್ನಿಸಿತು ನನಗೆ.

"ಎಂಥಾ ಜ್ಞಾಪಕಶಕ್ತಿ ಮಾರಾಯ್ರೇ! ಯಾವ ಪುಸ್ತಕ ಯಾವ ಕಪಾಟಲ್ಲಿತ್ತು ಅಂತ ಈಗಲೂ ಹೇಳ್ತಾರಲ್ಲ," ಎಂದು ಎಲ್ಲರೂ ಹೊಗಳಿದರು. ನಾನು ಸುಮ್ಮನೆ ನಕ್ಕೆ.

ಈಗ ವಾರಕ್ಕೊಮ್ಮೆ ಹೋಗುತ್ತೇವೆ. ಪುಸ್ತಕಗಳು ಒಂದೊಂದಾಗಿ ಬರುತ್ತಿವೆ. ನಿನಗೂ ಮಕ್ಕಳಿಗೂ ದೇವರು ಆಯುರಾರೋಗ್ಯ ಕೊಡಲಿ.

ಇಂತು,
ನಿನ್ನ ಅತ್ತಿಗೆ
ಭವಾನಿ

ತಾ.ಕ.: ಮೊನ್ನೆ ಬಸ್ಸಿನಲ್ಲಿ ವಾಪಸು ಬರುವಾಗ ನಿನ್ನಣ್ಣ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನೀವು ಎಲ್ಲಿ ಇಳೀತೀರಮ್ಮಾ?" ಎಂದು ಕೇಳಿದರು. ರವೀಂದ್ರನಗರ ಎಂದೆ. "ನಮ್ಮ ಮನೆಯೂ ಅಲ್ಲೇ. ಹೊತ್ತಾಯ್ತು, ಭವಾನಿ ಕಾಯ್ತಿರ್ತಾಳೆ," ಎಂದರು. ಇದು ಮೊದಲ ಸಲವಲ್ಲ ಮೇಧಾ, ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಹೆಸರು ಇನ್ನೂ ನೆನಪಿದೆ ಅವರಿಗೆ. ಬೇಗ ಬಾ.