ಇಪ್ಪತ್ತೆರಡು ಹೆಜ್ಜೆ

ಕ್ಲಿಂಟ್‌ಬಿ, ಡೆನ್ಮಾರ್ಕ್
ಮಂಗಳವಾರ, ೮ ಏಪ್ರಿಲ್ ೧೯೫೮

ಪ್ರೀತಿಯ ಎಸ್ಬೆನಣ್ಣಾ,

ಕಾಲು ಹೇಗಿದೆ? ಡಾಕ್ಟರು ನಿನ್ನ ಕಾಲಿಗೆ ಕಟ್ಟು ಹಾಕಿದ್ದಾರೆ, ನಾಲಿಗೆಗೆ ಹಾಕಿಲ್ಲ ಎಂದು ಅತ್ತಿಗೆ ಕೋಪನ್‌ಹೇಗನ್ನಿನಿಂದ ಬಂದು ಹೇಳಿದರು. ಸಮಾಧಾನವಾಯಿತು. ಆಸ್ಪತ್ರೆಯ ಸಾರು ಸಪ್ಪೆಯೆಂದು ತಟ್ಟೆ ತಳ್ಳಬೇಡ.

ನಿನ್ನೆ ಈಸ್ಟರ್ ಸೋಮವಾರ, ಚರ್ಚಿನಿಂದ ಕಡಲ ಬಂಡೆಯ ಅಂಚು ಎಷ್ಟು ಹೆಜ್ಜೆ ಎಂಬ ವರ್ಷದ ಅಳತೆ ಮುಗಿಯಿತು. ಆರಾಧನೆಯಲ್ಲಿ ಪಾದ್ರಿ ಮಾತು ನಿಲ್ಲಿಸಿದಾಗಲೆಲ್ಲ ನೆಲದಡಿಯಿಂದ ಸಮುದ್ರ ಮಾತು ಮುಂದುವರಿಸುತ್ತಿತ್ತು. ವೇದಿಯ ಬಟ್ಟೆಯ ಮೇಲೆ ಉದುರಿದ್ದ ಸುಣ್ಣದ ಪುಡಿ ಒರೆಸಿದೆ. ಹಾಡು ಮುಗಿಯುವಷ್ಟರಲ್ಲಿ ಮತ್ತೆ ಅಷ್ಟೇ. ಏಳುನೂರು ವರ್ಷದ ಗೋಡೆ, ಉದುರಿದರೆ ಉದುರಲಿ ಎಂದುಕೊಂಡೆ. ಆಮೇಲೆ ಎಲ್ಲರೂ ವೇದಿಯ ಹಿಂಗೋಡೆಯ ಹೊರಗೆ ಸೇರಿದೆವು. ಅಪ್ಪ ಹೋದಂದಿನಿಂದ ಮಾಡುವಂತೆ ಅಮ್ಮ ಗೋಡೆಗೆ ಹಿಮ್ಮಡಿ ಒತ್ತಿ, ಸಮುದ್ರದತ್ತ ಗಟ್ಟಿಯಾಗಿ ಎಣಿಸುತ್ತ ನಡೆದು ಬಂಡೆಯಂಚಿನಲ್ಲಿ ನಿಂತಳು. "ಇಪ್ಪತ್ತೆರಡು. ನಿಮ್ಮಪ್ಪ ಅಳೆದಾಗ್ಲೂ ಇಷ್ಟೇ ಇತ್ತು." ಚಪ್ಪಾಳೆಯಾಯಿತು. ಕಟುಕರ ವಿಲ್ಲಾಡ್ಸ್, "ಅಜ್ಜೀ, ಸಮುದ್ರಾನೂ ನಿಮ್ಗೆ ಹೆದರುತ್ತೆ ಬಿಡಿ" ಎಂದ. "ನಿಮ್ಮಪ್ಪನೇ ಹೆದರ್ತಿದ್ದ ಕಣೋ, ಸಮುದ್ರ ಯಾವ ಲೆಕ್ಕ" ಎಂದಳು. ಹೋದ ವರ್ಷ ಅಂಚಿನಲ್ಲಿ ನೆಟ್ಟಿದ್ದ ಬೇಲಿಗೂಟ ಒಂದೂ ಕಾಣಲಿಲ್ಲ. ಗಾಳಿಗೆ ಹೋಗಿರಬೇಕು ಎಂದರು. ಹೂಂಗುಟ್ಟಿದವರಲ್ಲಿ ನಾನೂ ಒಬ್ಬಳು.

ಹದಿನೈದು ಹೆಜ್ಜೆಗಿಂತ ಕಡಿಮೆಯಾದರೆ ಚರ್ಚಿಗೆ ಬೀಗ ಎಂಬುದು ಸಮಿತಿಯ ಹಳೆಯ ನಿಯಮವಲ್ಲವೇ? ಇಪ್ಪತ್ತೆರಡೆಂದು ಬರೆದ ಚೀಟಿ ಇದರೊಳಗಿದೆ. ಅಧ್ಯಕ್ಷ ನೀನು, ಸಹಿ ನಿನ್ನದೇ ಆಗಬೇಕು. ಭಾನುವಾರ ನಿನ್ನ ಮಗಳು ಮಾರೆನ್ ಸೇರಿ ಆರು ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆ ಸಾರುವ ದೃಢೀಕರಣದ ಸಂಸ್ಕಾರ. ಊರಿಗೆ ಊರೇ ವೇದಿಯ ಸುತ್ತ ಇರುತ್ತದೆ. ಬಿಳಿ ಅಂಗಿ ತೊಟ್ಟು ಅವಳು ಹತ್ತು ಸಲ ಕನ್ನಡಿ ನೋಡಿದಳು; "ಅಪ್ಪ ಬರಲ್ಲ ಅಲ್ವಾ ಅತ್ತೆ?" ಎಂದು ಒಂದೇ ಸಲ ಕೇಳಿದಳು.

ಅಮ್ಮನ ಆಶೀರ್ವಾದ, ಮಾರೆನ್ ಕೊಟ್ಟ ಮುತ್ತು, ನಾನು ಕಟ್ಟಿಕೊಟ್ಟ ಕೇಕಿನ ತುತ್ತು, ಮೂರೂ ನಿನಗೆ ಸೇರಲಿ.

ನಿನ್ನ ತಂಗಿ
ರಾಗ್ನ್‌ಹಿಲ್ಡ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮನಸ್ಸು ತಡೆಯದೆ ಹೋಗಿ ನಾನೇ ಅಳೆದು ಬಂದೆ. ಹನ್ನೊಂದಕ್ಕೇ ಅಂಚು ಬಂತು. ಅಮ್ಮ ಸುಳ್ಳು ಹೇಳಿಲ್ಲ, ಸರಿಯಾಗಿಯೇ ಎಣಿಸಿದ್ದಾಳೆ. ಆದರೆ ಎಂಬತ್ತೊಂದು ವರ್ಷದ ಮಂಡಿ. ಒಂದು ಪಾದ ಇನ್ನೊಂದನ್ನು ದಾಟುವುದಿಲ್ಲ. ಬಂಡೆ ಸವೆದಂತೆಲ್ಲ ಅವಳ ಹೆಜ್ಜೆಯೂ ಸವೆದಿದೆ. ವರ್ಷವರ್ಷವೂ ನಾವು ಎದುರಿಗೇ ನಿಂತು ಲೆಕ್ಕ ಕೇಳಿದೆವು, ಕಾಲು ನೋಡಲಿಲ್ಲ. ಸಹಿ ಹಾಕಬೇಡ. ಫೋನೂ ಬೇಡ, ಎಕ್ಸ್‌ಚೇಂಜಿನ ಡಾಗ್ಮಾರಳ ಕಿವಿಗೆ ಬಿದ್ದರೆ ಅಮ್ಮನ ಕಿವಿಗೆ ಬಿದ್ದಂತೆ. ಅಮ್ಮನ ಲೆಕ್ಕದ ಮಾತೆತ್ತದೆ, ಸುಣ್ಣ ಉದುರುತ್ತಿದೆ, ಬಾಗಿಲು ಹಾಕಿಸಿ ಎಂದಷ್ಟೇ ಅಧ್ಯಕ್ಷನಾಗಿ ಪಾದ್ರಿಗೆ ಬರೆ. ಶನಿವಾರದ ಟಪಾಲಿಗೂ ನಿನ್ನ ಕಾಗದ ಬರದಿದ್ದರೆ, ಭಾನುವಾರ ಚರ್ಚಿನ ಬಾಗಿಲಿಗೆ ಅಡ್ಡ ನಿಂತು, ಊರೆಲ್ಲ ಕೇಳುವಂತೆ, ಅಮ್ಮನ ಮುಖ ನೋಡಿಕೊಂಡೇ ನಾನು ಹನ್ನೊಂದು ಎನ್ನಬೇಕಾಗುತ್ತದೆ.